ಎಲ್ಲರೂ ಓದುವ ಒಂದೇ ಒಂದು ರೀಡ್‌ಮಿ

ಸಾಫ್ಟ್‌ವೇರ್ ಜೊತೆಗೆ ‘ರೀಡ್‌ಮಿ’ ಅಂತೊಂದು ಫೈಲ್ ಬರುತ್ತೆ. ‘ನನ್ನನ್ನು ಓದಿ’ ಅಂತ ಹೆಸರಿನಲ್ಲೇ ಬೇಡಿಕೊಂಡರೂ ಅದನ್ನು ಯಾರೂ ಓದಲ್ಲ. ಹನ್ನೆರಡು ವರ್ಷದಿಂದ ಈ ಕೆಲಸದಲ್ಲಿದ್ದೀನಿ. ನಾನು ಕಷ್ಟಪಟ್ಟು ಬರೆದ ರೀಡ್‌ಮಿಯನ್ನು ತೆರೆದೂ ನೋಡದೆ ಪಕ್ಕದ ಸೀಟಿನವನು ‘ಇದನ್ನ ರನ್ ಮಾಡೋದು ಹೆಂಗೆ ಮಗಾ?’ ಅಂತ ಕೇಳ್ತಾನೆ.

ಆದರೆ ಒಂದು ರೀಡ್‌ಮಿ ಇದೆ. ಅದು ಸಿಕ್ಕಿದವರು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ, ಎರಡೆರಡು ಸಲ, ಕೈ ನಡುಗಿಸಿಕೊಂಡು ಓದ್ತಾರೆ. ಇಂಗ್ಲಿಷ್ ಸರಿಯಾಗಿ ಬಾರದವರು ಬರುವವರಿಗೆ ಫೋನ್ ಮಾಡಿ ಓದಿಸಿಕೊಳ್ತಾರೆ. ಮನೆಯ ಕಂಪ್ಯೂಟರುಗಳನ್ನು ಹೆಚ್ಚಾಗಿ ಕಾಡಿದ ‘ಸ್ಟಾಪ್’ ಅಥವಾ ‘ಡಿಜೆವಿಯು’ ಅನ್ನುವ ರ‍್ಯಾನ್ಸಮ್‌ವೇರ್, ನಿಮ್ಮ ಫೈಲುಗಳಿಗೆಲ್ಲ ಬೀಗ ಹಾಕಿದ ಮೇಲೆ ಪ್ರತಿ ಫೋಲ್ಡರಿನಲ್ಲೂ ಒಂದೊಂದು ಪ್ರತಿ ಇಟ್ಟು ಹೋಗುವ ಸಣ್ಣ ಟೆಕ್ಸ್ಟ್ ಫೈಲ್ ಅದು. ಒಂದು ಪುಟವೂ ಇಲ್ಲ. ಬರೆದವರ ಹೆಸರಿಲ್ಲ, ಎರಡು ಇಮೇಲ್ ವಿಳಾಸ ಇರುತ್ತೆ.

ಕತೆ, ಕವನ, ಸಿನಿಮಾ, ಹೋಟೆಲಿನ ಮಸಾಲೆ ದೋಸೆ, ಎಲ್ಲಕ್ಕೂ ವಿಮರ್ಶಕರಿದ್ದಾರೆ. ಈ ಪತ್ರಕ್ಕೆ ಇಲ್ಲ. ಇರಬೇಕಿತ್ತು ಅನ್ನೋದು ನನ್ನ ವಾದ. ಯಾಕೆಂದರೆ ಇದು ಗಾಬರಿಯಲ್ಲಿ ಓದಲೆಂದೇ ಬರೆದ ಗದ್ಯ. ಗಾಬರಿಯಿಲ್ಲದ ಹೊತ್ತಿನಲ್ಲಿ, ಇನ್ನೂ ಏನೂ ಆಗದಿರುವಾಗ, ಸಾವಕಾಶವಾಗಿ ಓದಿದರೆ ಅದರ ಅರ್ಧ ಶಕ್ತಿ ಅಲ್ಲೇ ಇಳಿಯುತ್ತೆ. ಬನ್ನಿ, ಓದೋಣ.

ನಾಲ್ಕು ದನಿಗಳು

ಈ ಪ್ರಕಾರದ ಮೊದಲ ಕೃತಿ 1989ರ ಡಿಸೆಂಬರ್‌ನದು. ಏಡ್ಸ್ ಕುರಿತ ಮಾಹಿತಿ ಅಂತ ಚೀಟಿ ಅಂಟಿಸಿದ ಸುಮಾರು 20,000 ಫ್ಲಾಪಿಗಳು ಅಂಚೆಯಲ್ಲಿ ಬೇರೆ ಬೇರೆ ದೇಶಗಳಿಗೆ ಹೋದವು. ಕಳಿಸಿದ ಆರೋಪ ಬಂದದ್ದು ಹಾರ್ವರ್ಡ್‌ನಲ್ಲಿ ಓದಿದ್ದ ಜೋಸೆಫ್ ಪಾಪ್ ಎಂಬ ಜೀವವಿಜ್ಞಾನಿಯ ಮೇಲೆ. ಆ ಫ್ಲಾಪಿಯ ಪ್ರೋಗ್ರಾಮ್ ಹಾಕಿಕೊಂಡ ಕಂಪ್ಯೂಟರ್ 90 ಸಲ ಆನ್ ಆದಮೇಲೆ ಫೈಲುಗಳ ಹೆಸರೆಲ್ಲ ಕಲಸಿಹೋಗುತ್ತಿತ್ತು. ಆಮೇಲೆ ಬರುತ್ತಿದ್ದ ಪತ್ರ ಬಿಲ್ಲಿನ ಭಾಷೆಯಲ್ಲಿತ್ತು: ನಿಮ್ಮ ಸಾಫ್ಟ್‌ವೇರ್ ಲೀಸಿಗೆ ದುಡ್ಡು ಕಟ್ಟಬೇಕಾಗಿದೆ, 189 ಡಾಲರನ್ನು ಪನಾಮಾದ ಈ ಪೋಸ್ಟ್ ಬಾಕ್ಸಿಗೆ ಕಳಿಸಿ. ತಮಾಷೆಯೆಂದರೆ, ಹೀಗೆ ಆಗಬಹುದು ಎಂಬ ಸೂಚನೆ ಫ್ಲಾಪಿಯ ಜೊತೆ ಬಂದ ಲೈಸೆನ್ಸ್ ಹಾಳೆಯಲ್ಲೇ ಇತ್ತು. ಓದಿದವರು ಯಾರು? ಆ ಪ್ರೋಗ್ರಾಮ್ ಹೆಸರುಗಳನ್ನಷ್ಟೇ ಕಲಸಿತ್ತು, ಫೈಲಿನ ಒಳಗಿನದನ್ನು ಮುಟ್ಟಿರಲಿಲ್ಲ. ಹಾಗಾಗಿ ಬಿಡಿಸುವ ಸಾಫ್ಟ್‌ವೇರ್ ಬೇಗ ಬಂತು.

ಎರಡನೆಯದು ಪೊಲೀಸ್ ದನಿ. 2012ರ ಹೊತ್ತಿಗೆ ಹರಡಿದ ರೆವೆಟನ್ ಎಂಬುದು ಪರದೆಯನ್ನು ಪೂರ್ತಿ ಮುಚ್ಚಿ, ‘ನೀವು ಕಾನೂನು ಮುರಿದಿದ್ದೀರಿ, ದಂಡ ಕಟ್ಟಿ’ ಅನ್ನುತ್ತಿತ್ತು. ಆಯಾ ದೇಶದ ಪೊಲೀಸ್ ಲಾಂಛನ ಮೇಲ್ಗಡೆ. ಇವತ್ತು ನಮ್ಮಲ್ಲಿ ‘ಡಿಜಿಟಲ್ ಅರೆಸ್ಟ್’ ಅಂತ ವಿಡಿಯೊ ಕಾಲಿನಲ್ಲಿ ಹೆದರಿಸುವವರ ದನಿಯೂ ಇದೇ. ಈ ಜಾತಿಯದು ಪರದೆಗೆ ಮಾತ್ರ ಬೀಗ ಹಾಕುತ್ತಿತ್ತು, ಫೈಲುಗಳು ಹಾಗೇ ಇರುತ್ತಿದ್ದವು. ‘ಸೇಫ್ ಮೋಡ್’ನಲ್ಲಿ ಕಂಪ್ಯೂಟರ್ ಶುರುಮಾಡಿ ಅದನ್ನು ಕಿತ್ತುಹಾಕಿದರೆ ಬಹುಮಟ್ಟಿಗೆ ಕತೆ ಮುಗೀತು.

ಮೂರನೆಯದು ಗಡಿಯಾರದ ದನಿ. 2013ರ ಸೆಪ್ಟೆಂಬರಿನಲ್ಲಿ ಬಂದ ಕ್ರಿಪ್ಟೋಲಾಕರ್ 72 ಗಂಟೆಗಳನ್ನು ಒಂದೊಂದಾಗಿ ಇಳಿಸುತ್ತಾ ಕೂರುತ್ತಿತ್ತು. ಈ ಸಲ ಬೀಗ ನಿಜವಾದದ್ದು. ಒತ್ತಿದರೆ ಬಿದ್ದುಬಿಡುವ ಬೀಗವನ್ನು ಯಾರು ಬೇಕಾದರೂ ಹಾಕಬಹುದು, ತೆಗೆಯೋಕೆ ಮಾತ್ರ ಬೀಗದ ಕೈ ಬೇಕು, ಅಲ್ವಾ? ಆ ಥರದ ಗಣಿತದ ಬೀಗವನ್ನು ಸುಲಿಗೆಗೆ ಬಳಸಬಹುದು ಎಂದು ಆಡಂ ಯಂಗ್ ಮತ್ತು ಮೋಟಿ ಯುಂಗ್ ಎಂಬ ಸಂಶೋಧಕರು 1996ರಲ್ಲೇ ಎಚ್ಚರಿಸಿ ಪ್ರಬಂಧ ಬರೆದಿದ್ದರು. ಬೀಗ ನಿಮ್ಮ ಮನೆಯಲ್ಲಿ, ಬೀಗದ ಕೈ ಅವರ ಸರ್ವರಿನಲ್ಲಿ. 2017ರ ಮೇ 12ರಂದು ಹರಡಿದ ವಾನಾಕ್ರೈಗೂ ಇದೇ ಗಡಿಯಾರ: 300 ಡಾಲರ್, ಮೂರು ದಿನ ಕಳೆದರೆ 600, ಏಳು ದಿನ ಕಳೆದರೆ ಫೈಲ್ ಇಲ್ಲ.

ನಾಲ್ಕನೆಯದು ನಮ್ಮ ಡಿಜೆವಿಯುವಿನದು. ಇದು ಕಸ್ಟಮರ್ ಕೇರ್ ದನಿ. ಕೆಂಪು ಬಣ್ಣವಿಲ್ಲ, ಲಾಂಛನವಿಲ್ಲ, ಬೆದರಿಕೆಯ ಸದ್ದಿಲ್ಲ. ಬೆಂಗಳೂರಿನ ಯಾವುದೋ ಸಪೋರ್ಟ್ ಟೀಮಿನಿಂದ ಬಂದ ಮೇಲ್ ಥರ ಇರುತ್ತೆ. ಈ ದನಿಯನ್ನು ನಾನೂ ನೀವೂ ಆಫೀಸಿನಲ್ಲಿ ದಿನಾ ಬಳಸ್ತೀವಿ. ನಮಗೇ ಅದು ಹೆಚ್ಚು ಅಪಾಯಕಾರಿ, ಯಾಕಂದ್ರೆ ನಾವು ಅದನ್ನು ನಂಬೋಕೆ ತರಬೇತಾಗಿದ್ದೀವಿ.

ಸಾಲು ಸಾಲಾಗಿ

‘ಗಮನಿಸಿ. ಚಿಂತೆ ಮಾಡಬೇಡಿ, ನಿಮ್ಮ ಎಲ್ಲ ಫೈಲುಗಳನ್ನೂ ವಾಪಸ್ ಪಡೆಯಬಹುದು.’ ಪತ್ರದ ಆರಂಭ ಹೆಚ್ಚುಕಡಿಮೆ ಹೀಗಿರುತ್ತೆ. ಎದೆಗೆ ಗುದ್ದಿದವನೇ ಬೆನ್ನು ಸವರುವ ಸಾಲು. ಓದುಗ ಇನ್ನೂ ಏನಾಗಿದೆ ಅಂತ ತಿಳಿಯುವ ಮೊದಲೇ ಪರಿಹಾರ ಯಾರ ಹತ್ತಿರ ಇದೆ ಅನ್ನೋದು ಅವನ ತಲೆಗೆ ಹೋಗಿರುತ್ತೆ.

ಮುಂದಿನ ಸಾಲು: ಫೋಟೊ, ಡೇಟಾಬೇಸ್, ದಾಖಲೆಗಳನ್ನೆಲ್ಲ ಅತ್ಯಂತ ಬಲವಾದ ಎನ್‌ಕ್ರಿಪ್ಷನ್ನಿನಿಂದ, ನಿಮಗೇ ಪ್ರತ್ಯೇಕವಾದ ಕೀಯಿಂದ ಮುಚ್ಚಲಾಗಿದೆ. ‘ಬಲವಾದ’ ಅನ್ನೋದು ನಿಜ. ಬೀಗ ಒಡೆಯಬಲ್ಲ ಜಾಣ ನಿಮ್ಮ ಆಫೀಸಿನಲ್ಲಿಲ್ಲ. ‘ಪ್ರತ್ಯೇಕವಾದ ಕೀ’ ಅನ್ನೋದು ಮಾತ್ರ ಎಲ್ಲ ಸಲವೂ ನಿಜವಲ್ಲ. ಬೀಗ ಹಾಕುವ ಹೊತ್ತಿಗೆ ಇದು ತನ್ನ ಸರ್ವರನ್ನು ಸಂಪರ್ಕಿಸಿ ಕೀ ತರಿಸಿಕೊಳ್ಳುತ್ತೆ. ಸರ್ವರ್ ಸಿಗದೇ ಹೋದರೆ ತನ್ನೊಳಗೆ ಇಟ್ಟುಕೊಂಡ ‘ಆಫ್‌ಲೈನ್ ಕೀ’ ಬಳಸುತ್ತೆ. ಆ ತಳಿಯಲ್ಲಿ ಹೀಗೆ ಸಿಕ್ಕಿಬಿದ್ದವರಿಗೆಲ್ಲ ಅದೊಂದೇ ಕೀ. ಪತ್ರದ ಕೊನೆಯಲ್ಲಿ ‘ನಿಮ್ಮ ವೈಯಕ್ತಿಕ ಐಡಿ’ ಅಂತ ಉದ್ದದ ಅಕ್ಷರಮಾಲೆ ಇರುತ್ತಲ್ಲ, ಅದರ ಕೊನೆಯಲ್ಲಿ ಇಂಗ್ಲಿಷಿನ ‘ಟಿ’ ಮತ್ತು ‘1’ ಇದ್ದರೆ ಆಫ್‌ಲೈನ್ ಕೀ ಅಂತ ಅರ್ಥ. ಅಂಥ ಕೀಗಳು ಎಂದಾದರೂ ಹೊರಬಂದರೆ, ಎಮ್ಸಿಸಾಫ್ಟ್ ಕಂಪನಿ ಉಚಿತವಾಗಿ ಕೊಡುವ ಡಿಕ್ರಿಪ್ಟರ್‌ಗೆ ಸೇರುತ್ತವೆ. 2019ರ ಅಕ್ಟೋಬರಿನಲ್ಲಿ ಇದೇ ಕಂಪನಿ ಹಳೆಯ 148 ತಳಿಗಳಿಗೆ ಪರಿಹಾರ ಬಿಡುಗಡೆ ಮಾಡಿತ್ತು. ಪತ್ರದಲ್ಲಿ ಎಲ್ಲರೂ ಅಲಕ್ಷಿಸುವ ಸಾಲು ಈ ಐಡಿ. ಓದಬೇಕಾದ ಸಾಲೂ ಇದೇ.

ಇನ್ನೊಂದು ವಿಷಯ ಈ ಸಾಲು ಹೇಳಲ್ಲ. ಸಾವಿರಾರು ಫೈಲುಗಳನ್ನು ನಿಮಗೆ ಗೊತ್ತಾಗುವ ಮೊದಲೇ ಮುಚ್ಚಬೇಕಾದ ಅವಸರದಲ್ಲಿ ಡಿಜೆವಿಯು ಪ್ರತಿ ಫೈಲಿನ ಮೊದಲ 150 ಕೆಬಿಯಷ್ಟನ್ನು ಮಾತ್ರ ಎನ್‌ಕ್ರಿಪ್ಟ್ ಮಾಡುತ್ತೆ. ಚಿಕ್ಕ ಫೈಲಾದರೆ ಅಷ್ಟರಲ್ಲಿ ಪೂರ್ತಿ ಹೋಯಿತು. ದೊಡ್ಡ ವಿಡಿಯೊ ಆದರೆ ತಲೆ ಹೋಗಿ ಮೈ ಉಳಿದಿರುತ್ತೆ, ರಿಪೇರಿ ಮಾಡುವ ಸಾಫ್ಟ್‌ವೇರುಗಳಿಂದ ಅದನ್ನು ಬಹಳಷ್ಟು ಸಲ ಎಬ್ಬಿಸಬಹುದು. ‘ಎಲ್ಲವೂ ಹೋಯಿತು’ ಅನ್ನೋದು ಸಾಹಿತ್ಯದ ಭಾಷೆಯಲ್ಲಿ ಅತಿಶಯೋಕ್ತಿ.

ಆಮೇಲೆ ಗ್ಯಾರಂಟಿ. ಒಂದು ಫೈಲ್ ಕಳಿಸಿ, ಉಚಿತವಾಗಿ ಬಿಡಿಸಿಕೊಡ್ತೀವಿ. ಆದರೆ ಆ ಫೈಲಿನಲ್ಲಿ ಬೆಲೆಬಾಳುವ ಮಾಹಿತಿ ಇರಕೂಡದು! ಸಂತೆಯಲ್ಲಿ ಹಲಸಿನ ಹಣ್ಣಿನ ಒಂದು ತೊಳೆ ಬಿಡಿಸಿ ರುಚಿ ತೋರಿಸುವ ಹಾಗೆ. ತೊಳೆ ಸಿಹಿಯಾಗಿದ್ದರೆ ಬೀಗದ ಕೈ ಅವರ ಹತ್ತಿರ ಇದೆ ಅನ್ನೋದಷ್ಟೇ ಸಾಬೀತಾಗುತ್ತೆ. ದುಡ್ಡು ಸಿಕ್ಕಿದ ಮೇಲೆ ಕೊಡ್ತಾರೆ ಅನ್ನೋದಲ್ಲ. ವಾನಾಕ್ರೈಯಲ್ಲಂತೂ ಬಂದ ಹಣ ಯಾವ ಕಂಪ್ಯೂಟರಿನವರದ್ದು ಅಂತ ತಾನಾಗಿ ಗುರುತಿಸುವ ವ್ಯವಸ್ಥೆಯೇ ಇರಲಿಲ್ಲ. ಕೊಟ್ಟವರು ಕೊಟ್ಟು ಕೂತರು.

‘ಬೆಲೆಬಾಳುವ ಮಾಹಿತಿ’ ಅನ್ನುವ ಮಾತಿನ ಹತ್ತಿರ ಸ್ವಲ್ಪ ನಿಲ್ಲಬೇಕು. 2018ರ ಅಕ್ಟೋಬರಿನಲ್ಲಿ ಸಿರಿಯಾದ ಒಬ್ಬ ತಂದೆ ಟ್ವಿಟರಿನಲ್ಲಿ ಬರೆದುಕೊಂಡರು: ಯುದ್ಧದಲ್ಲಿ ತೀರಿಹೋದ ಮಕ್ಕಳ ಫೋಟೊಗಳೇ ಗ್ಯಾಂಡ್‌ಕ್ರ್ಯಾಬ್ ಎಂಬ ರ‍್ಯಾನ್ಸಮ್‌ವೇರಿನ ಬೀಗದೊಳಗೆ ಸಿಕ್ಕಿವೆ, ಕೊಡೋಕೆ ದುಡ್ಡಿಲ್ಲ. ಅದು ಸುದ್ದಿಯಾದ ಮೇಲೆ ಗ್ಯಾಂಡ್‌ಕ್ರ್ಯಾಬ್ ತಂಡ ಸಿರಿಯಾದವರ ಕೀಗಳನ್ನೆಲ್ಲ ಬಿಡುಗಡೆ ಮಾಡಿತು. ಎಷ್ಟು ದೊಡ್ಡ ಮನಸ್ಸು ಅಂತ ಕೆಲವರಿಗೆ ಅನ್ನಿಸಿರಬಹುದು. ನನಗೆ ಕಾಣಿಸಿದ್ದು ಬೇರೆ. ಬೀಗ ಹಾಕಿದ ಕೋಡಿಗೆ ಒಳಗಿದ್ದದ್ದು ಸತ್ತ ಮಕ್ಕಳ ಮುಖವೋ ಕರೆಂಟ್ ಬಿಲ್ಲೋ ಗೊತ್ತಿರಲಿಲ್ಲ. ಬೆಲೆ ಎಷ್ಟು ಅನ್ನೋದು ಕಳೆದುಕೊಂಡವರಿಗಷ್ಟೇ ಗೊತ್ತು. ಸುಲಿಗೆಯ ವ್ಯಾಪಾರ ನಿಂತಿರೋದು ಆ ಅಂತರದ ಮೇಲೆ.

ಇನ್ನು ರೇಟು. 980 ಡಾಲರ್. ಮೊದಲ 72 ಗಂಟೆಯೊಳಗೆ ಸಂಪರ್ಕಿಸಿದರೆ 50 ಪರ್ಸೆಂಟ್ ಡಿಸ್ಕೌಂಟ್, ಅಂದರೆ 490. ಆಮೇಲಿನ ತಳಿಗಳಲ್ಲಿ 999 ಮತ್ತು 499, ಚಪ್ಪಲಿ ಅಂಗಡಿಯ ಬೋರ್ಡಿನ ಹಾಗೆ. ಈ ಗಡುವಿನ ಕೆಲಸ ಒಂದೇ, ನೀವು ಯಾರನ್ನೂ ಕೇಳದ ಹಾಗೆ ಮಾಡೋದು. ಗಡುವು ಎಷ್ಟು ನಿಜ ಅನ್ನೋಕೆ ಕ್ರಿಪ್ಟೋಲಾಕರ್ ಸಾಕ್ಷಿ ಇದೆ. 72 ಗಂಟೆ ಕಳೆದರೆ ಕೀ ಅಳಿಸಿಬಿಡ್ತೀವಿ ಅಂದಿದ್ದವರು ಅದೇ ವರ್ಷದ ನವೆಂಬರಿನಲ್ಲಿ ತಡವಾಗಿ ಬಂದವರಿಗೆಂದು ಬೇರೆ ಕೌಂಟರನ್ನೇ ತೆರೆದರು, ಹೆಚ್ಚಿನ ರೇಟಿನಲ್ಲಿ. 2014ರಲ್ಲಿ ಹಲವು ದೇಶಗಳ ಪೊಲೀಸರು ಸೇರಿ ಅವರ ಜಾಲವನ್ನು ಕೆಡವಿದರು. ಸಿಕ್ಕ ಕೀಗಳನ್ನು ಅದೇ ಆಗಸ್ಟಿನಲ್ಲಿ ಫೈರ್‌ಐ ಮತ್ತು ಫಾಕ್ಸ್-ಐಟಿ ಕಂಪನಿಗಳು ಉಚಿತವಾಗಿ ಕೊಟ್ಟವು. ಬೀಗ ಬಿದ್ದ ಫೈಲುಗಳನ್ನು ಸಿಟ್ಟಿನಿಂದ ಅಳಿಸದೆ ಎತ್ತಿಟ್ಟುಕೊಂಡಿದ್ದವರಿಗೆ ಅದು ಉಪಯೋಗಕ್ಕೆ ಬಂತು.

ಕೊನೆಯ ಸಾಲು ನನಗೆ ತುಂಬ ಇಷ್ಟ. ಆರು ಗಂಟೆಯೊಳಗೆ ನಮ್ಮಿಂದ ಉತ್ತರ ಬರದಿದ್ದರೆ ನಿಮ್ಮ ಸ್ಪ್ಯಾಮ್ ಫೋಲ್ಡರ್ ನೋಡಿ. ಕಳ್ಳರು ಕೂಡ ಜೀಮೇಲ್ ಫಿಲ್ಟರಿಗೆ ಹೆದರ್ತಾರೆ.

ಪತ್ರ ಹೇಳದಿರುವುದು

ಒಂದು ಕೃತಿ ಏನು ಹೇಳುತ್ತೆ ಅನ್ನೋದರಷ್ಟೇ ಏನು ಹೇಳಲ್ಲ ಅನ್ನೋದೂ ಮುಖ್ಯ ಅಂತ ನಮ್ಮ ಕನ್ನಡ ಮೇಷ್ಟ್ರು ಹೇಳ್ತಿದ್ದರು. ಈ ಪತ್ರದಲ್ಲಿ ಎರಡು ಮೌನ ಇವೆ.

ಮೊದಲನೆಯದು, ‘ನಾನು ಹೇಗೆ ಒಳಗೆ ಬಂದೆ’. ಡಿಜೆವಿಯು ಹೆಚ್ಚಾಗಿ ಬರೋದು ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್, ಕೀ ಜನರೇಟರ್, ವಿಂಡೋಸ್ ಆ್ಯಕ್ಟಿವೇಟರ್‌ಗಳ ಹೊಟ್ಟೆಯಲ್ಲಿ. ಅವುಗಳ ಜೊತೆಗೂ ಒಂದು ರೀಡ್‌ಮಿ ಇರುತ್ತೆ ನೋಡಿ: ‘ಇನ್‌ಸ್ಟಾಲ್ ಮಾಡುವ ಮೊದಲು ಆ್ಯಂಟಿವೈರಸ್ ಆಫ್ ಮಾಡಿ.’ ಅದನ್ನು ಮಾತ್ರ ಜನ ಶ್ರದ್ಧೆಯಿಂದ ಪಾಲಿಸ್ತಾರೆ. ನಾಯಿಯನ್ನು ಕಟ್ಟಿಹಾಕಿ, ಚಿಲಕ ತೆಗೆದು, ಬಾ ಅಂತ ಕರೆದ ಹಾಗೆ. ಬೀಗ ಹಾಕುವ ಹೊತ್ತಿನಲ್ಲಿ ಇದು ವಿಂಡೋಸ್ ಅಪ್‌ಡೇಟ್ ನಡೀತಿದೆ ಅಂತ ಸುಳ್ಳು ಕಿಟಕಿಯೊಂದನ್ನು ತೋರಿಸುತ್ತೆ. ಡಿಸ್ಕಿನ ಸದ್ದಿಗೆ ಕಾರಣ ಸಿಕ್ಕಿತಲ್ಲ ಅಂತ ನಾವೂ ಟೀ ಕುಡಿಯೋಕೆ ಎದ್ದು ಹೋಗ್ತೀವಿ.

ವಾನಾಕ್ರೈ ಬಂದ ದಾರಿ ಬೇರೆ. ಅದಕ್ಕೆ ಯಾರೂ ಏನನ್ನೂ ಕ್ಲಿಕ್ ಮಾಡಬೇಕಿರಲಿಲ್ಲ, ವಿಂಡೋಸಿನ ಒಂದು ತೂತಿನಿಂದ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹರಿಯಿತು. ಆ ತೂತಿಗೆ ಮೈಕ್ರೋಸಾಫ್ಟ್ 2017ರ ಮಾರ್ಚ್ 14ರಂದೇ ತೇಪೆ ಕೊಟ್ಟಿತ್ತು. ದಾಳಿ ಆದದ್ದು ಸುಮಾರು ಎರಡು ತಿಂಗಳ ನಂತರ. ‘ನಾಳೆ ನೆನಪಿಸು’ ಅಂತ ಅಪ್‌ಡೇಟನ್ನು ಮುಂದೂಡುವ ಬಟನ್ನಿನ ಬೆಲೆ ಅದು.

ಎರಡನೇ ಮೌನ, ‘ನನ್ನ ಜೊತೆ ಇನ್ಯಾರು ಬಂದಿದ್ದಾರೆ’. ಡಿಜೆವಿಯು ಜೊತೆ ಪಾಸ್‌ವರ್ಡ್ ಕದಿಯುವ ಅಜೋರಲ್ಟ್‌ನಂಥ ಪ್ರೋಗ್ರಾಮುಗಳು ಬಂದ ಉದಾಹರಣೆಗಳಿವೆ. ಭದ್ರತಾ ಕಂಪನಿಗಳ ವೆಬ್‌ಸೈಟುಗಳು ತೆರೆಯದ ಹಾಗೆ ವಿಂಡೋಸಿನ ‘ಹೋಸ್ಟ್ಸ್’ ಫೈಲನ್ನೂ ಇದು ತಿದ್ದುತ್ತೆ. ಅಂದರೆ ಪತ್ರವನ್ನು ಓದಿ ನೀವು ಫೈಲುಗಳ ಚಿಂತೆಯಲ್ಲಿದ್ದಾಗ, ಬ್ರೌಸರಿನಲ್ಲಿ ಸೇವ್ ಮಾಡಿಟ್ಟ ಬ್ಯಾಂಕಿನ, ಮೇಲಿನ ಪಾಸ್‌ವರ್ಡುಗಳು ಸದ್ದಿಲ್ಲದೆ ಹೋಗಿರಬಹುದು. ಅದಕ್ಕೇ ಬೇರೆ ಫೋನು ಅಥವಾ ಬೇರೆ ಕಂಪ್ಯೂಟರಿನಿಂದ ಅವನ್ನೆಲ್ಲ ಬದಲಿಸಬೇಕು. ಅದೇ ಕಂಪ್ಯೂಟರಿನಿಂದ ಬದಲಿಸಿದರೆ ಹೊಸದನ್ನೂ ಕೈಯಾರೆ ಕೊಟ್ಟಹಾಗೆ.

ಪ್ರತಿಸ್ಪರ್ಧಿ ಪ್ರಕಾರ

ಈ ಪತ್ರಕ್ಕೆ ಎದುರಾಳಿಯಾಗಿ ಇನ್ನೊಂದು ಬರಹದ ಪ್ರಕಾರ ಬೆಳೆದಿದೆ: ‘ರ‍್ಯಾನ್ಸಮ್‌ವೇರ್ ತೆಗೆಯುವುದು ಹೇಗೆ’ ಎಂಬ ಮಾರ್ಗದರ್ಶಿ. ಒಬ್ಬ ಓದುಗನಾಗಿ ಹೇಳಬೇಕೆಂದರೆ, ಬರಹವಾಗಿ ಸುಲಿಗೆ ಪತ್ರವೇ ಮೇಲು. ಅದು ಚಿಕ್ಕದು, ಯಾರಿಗೆ ಬರೆಯುತ್ತಿದ್ದೇನೆ ಅನ್ನೋದು ಅದಕ್ಕೆ ಗೊತ್ತು. ಮಾರ್ಗದರ್ಶಿ ಮಾತ್ರ ‘ರ‍್ಯಾನ್ಸಮ್‌ವೇರ್ ಎಂದರೇನು’ ಅಂತ ಶುರುವಾಗಿ ಹತ್ತು ಸ್ಕ್ರೀನ್ ಉದ್ದ ಹೋಗುತ್ತೆ, ನಡುನಡುವೆ ‘ಈ ಟೂಲ್ ಡೌನ್‌ಲೋಡ್ ಮಾಡಿ’ ಅನ್ನುವ ಹಸಿರು ಬಟನ್.

ಅದರ ದೊಡ್ಡ ದೋಷ ಭಾಷೆಯದ್ದು. ‘ತೆಗೆಯುವುದು’ ಮತ್ತು ‘ವಾಪಸ್ ಪಡೆಯುವುದು’ ಎಂಬ ಎರಡು ಬೇರೆ ಕ್ರಿಯಾಪದಗಳನ್ನು ಅದು ಒಂದೇ ಮಾಡಿಬಿಡುತ್ತೆ. ಕಳ್ಳ ಮನೆಯ ಕಪಾಟಿಗೆಲ್ಲ ತನ್ನ ಬೀಗ ಜಡಿದಿದ್ದಾನೆ ಅಂದುಕೊಳ್ಳಿ. ಕಳ್ಳನನ್ನು ಓಡಿಸಿದರೆ ಬೀಗ ತಾನಾಗಿ ಬೀಳಲ್ಲ. ರ‍್ಯಾನ್ಸಮ್‌ವೇರನ್ನು ತೆಗೆಯೋದು ಸುಲಭ, ವಿಂಡೋಸಿನಲ್ಲೇ ಇರುವ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಕೂಡ ಆ ಕೆಲಸ ಮಾಡಬಲ್ಲದು, ಪೂರ್ತಿ ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕಿದರೆ ಇನ್ನೂ ನಿಶ್ಚಿಂತೆ. ಫೈಲ್ ಮಾತ್ರ ಮುಚ್ಚೇ ಇರುತ್ತೆ. ಈ ಮಾತನ್ನು ಮೊದಲ ಸಾಲಿನಲ್ಲಿ ಹೇಳಬೇಕಾದವರು ಕೊನೆಯ ಪ್ಯಾರಾದಲ್ಲಿ ಮೆಲ್ಲಗೆ ಹೇಳ್ತಾರೆ. ಹೊತ್ತಿಗೆ ಮುಂಚೆ ಫಾರ್ಮ್ಯಾಟ್ ಮಾಡಿಬಿಟ್ಟರೆ ಮುಂದೆಂದೋ ಕೀ ಹೊರಬಂದರೂ ಬಿಡಿಸೋಕೆ ಫೈಲೇ ಇರಲ್ಲ.

ಈ ಗೊಂದಲದಲ್ಲಿ ಕಳ್ಳರೂ ಅಂಗಡಿ ಇಟ್ಟಿದ್ದಾರೆ. 2020ರಲ್ಲಿ ‘ಜೋರಾಬ್’ ಅನ್ನೋದೊಂದು ಬಂತು. ಅದರ ವೇಷ ಏನು ಗೊತ್ತಾ? ಡಿಜೆವಿಯು ಬೀಗ ಬಿಡಿಸುವ ಉಚಿತ ಡಿಕ್ರಿಪ್ಟರ್. ರನ್ ಮಾಡಿದರೆ ಮುಚ್ಚಿದ ಫೈಲಿನ ಮೇಲೆ ಇನ್ನೊಂದು ಬೀಗ. ಡೆಸ್ಪರೇಟ್ ಆಗಿ ಹುಡುಕುವವರಿಗೇ ಹೆಣೆದ ಬಲೆ.

ನಂಬಬಹುದಾದ ಜಾಗಗಳು ಕೆಲವೇ. 2016ರ ಜುಲೈನಲ್ಲಿ ಡಚ್ ಪೊಲೀಸರು, ಯೂರೋಪೋಲ್ ಮತ್ತು ಎರಡು ಭದ್ರತಾ ಕಂಪನಿಗಳು ಸೇರಿ ಶುರುಮಾಡಿದ ‘ನೋ ಮೋರ್ ರ‍್ಯಾನ್ಸಮ್’ ತಾಣ ಒಂದು. ಮುಚ್ಚಿಹೋದ ಫೈಲಿನ ಮಾದರಿಯನ್ನೂ ಪತ್ರವನ್ನೂ ಅಲ್ಲಿ ಹಾಕಿದರೆ ಯಾವ ತಳಿ, ಪರಿಹಾರ ಇದೆಯಾ ಅಂತ ನೋಡಿ ಹೇಳುತ್ತೆ. ಡಿಕ್ರಿಪ್ಟರ್‌ಗಳು ಉಚಿತ. ‘ಐಡಿ ರ‍್ಯಾನ್ಸಮ್‌ವೇರ್’ ಅನ್ನುವ ತಾಣವೂ ಗುರುತಿಸುವ ಕೆಲಸ ಮಾಡುತ್ತೆ. ಗುರುತು ಸಿಗದೆ ಮದ್ದು ಹುಡುಕಬೇಡಿ.

ಇನ್ನೊಂದು ತಕರಾರಿದೆ. ವಾನಾಕ್ರೈ ತನ್ನ ಪತ್ರವನ್ನು 28 ಭಾಷೆಗಳಲ್ಲಿ ತೋರಿಸುತ್ತಿತ್ತು. ಬಹುಪಾಲು ಮಷಿನ್ ಅನುವಾದ, ಆದರೂ ಓದುಗ ತನ್ನ ಭಾಷೆಯಲ್ಲಿ ಓದಲಿ ಅನ್ನುವ ಕಾಳಜಿ ಸುಲಿಗೆಗಾರನಿಗಿತ್ತು! ಆ ಪಟ್ಟಿಯಲ್ಲಿ ಭಾರತದ ಒಂದು ಭಾಷೆಯೂ ಇರಲಿಲ್ಲ. ಕನ್ನಡದಲ್ಲಿ ಸುಲಿಗೆ ಪತ್ರ ಬರಲಿಲ್ಲ ಅಂತ ನಾನೇನೂ ಬೇಜಾರು ಮಾಡಿಕೊಂಡಿಲ್ಲ. ಕನ್ನಡದಲ್ಲಿ ಎಚ್ಚರಿಕೆ ಪತ್ರವೂ ಸಾಕಷ್ಟು ಬರಲಿಲ್ಲ ಅನ್ನೋದು ಬೇಜಾರು. ನಮ್ಮ ಆಫೀಸುಗಳಲ್ಲಿ ವರ್ಷಕ್ಕೊಮ್ಮೆ ಸೆಕ್ಯುರಿಟಿ ಟ್ರೈನಿಂಗ್ ಅಂತ ಸ್ಲೈಡುಗಳನ್ನು ತಳ್ಳಿ ಸರ್ಟಿಫಿಕೇಟ್ ತಗೋತೀವಲ್ಲ, ಅದರ ಒಂದು ಹನಿಯೂ ಊರಿನ ಡಿಟಿಪಿ ಅಂಗಡಿಗೆ, ಸೊಸೈಟಿಯ ಗುಮಾಸ್ತರಿಗೆ, ಫೋಟೊ ಸ್ಟುಡಿಯೊಗೆ ಇಳಿಯಲ್ಲ.

ಸ್ಟುಡಿಯೊದಲ್ಲಿ ಉಳಿದದ್ದು

ಫೋಟೊ ಸ್ಟುಡಿಯೊ ಅಂದದ್ದಕ್ಕೆ ಕಾರಣ ಇದೆ. ನಮ್ಮೂರ ಹತ್ತಿರದ ಪೇಟೆಯಲ್ಲಿ ನನ್ನ ಹೈಸ್ಕೂಲ್ ಗೆಳೆಯನೊಬ್ಬ ಮದುವೆ ಫೋಟೊ ತೆಗೀತಾನೆ. ಮೂರು ವರ್ಷದ ಹಿಂದೆ ಫೋನ್ ಮಾಡಿದ. ‘ಮಾರಾಯ, ಫೋಟೊಗಳ ಹೆಸರಿಗೆಲ್ಲ ಹಿಂದೆ ಏನೋ ನಾಲ್ಕಕ್ಷರದ ಬಾಲ ಬಂದಿದೆ. ಒಂದೂ ಓಪನ್ ಆಗ್ತಿಲ್ಲ.’ ಆ ಬಾಲವೇ ಗುರುತು. ಹೆಸರಿನ ಕೊನೆಗೆ ಹಿಂದೆಂದೂ ಇರದ ಅಕ್ಷರ, ಐಕಾನು ಬಿಳಿ ಹಾಳೆ, ಪ್ರತಿ ಫೋಲ್ಡರಿನಲ್ಲೂ ಒಂದೇ ಟೆಕ್ಸ್ಟ್ ಫೈಲ್. ಆಲ್ಬಂ ವಿನ್ಯಾಸ ಮಾಡುವ ಸಾಫ್ಟ್‌ವೇರಿನ ಕ್ರ್ಯಾಕ್ ಹಾಕಿದ್ದ. ವಿಂಡೋಸ್ ಕೂಡ ಅಂಗಡಿಯವನು ‘ಫ್ರೀ’ ಅಂತ ಹಾಕಿಕೊಟ್ಟದ್ದು. ‘ಪೈರೇಟೆಡ್ ಬಳಸಬೇಡಿ’ ಅನ್ನುವ ಉಪದೇಶ ಅವನಿಗೆ ತಲುಪಿಯೇ ಇರಲಿಲ್ಲ, ಯಾಕಂದ್ರೆ ತಾನು ಬಳಸ್ತಿರೋದು ಪೈರೇಟೆಡ್ ಅಂತಲೇ ಅವನಿಗೆ ಗೊತ್ತಿರಲಿಲ್ಲ. ಬ್ಯಾಕಪ್ ಹಾರ್ಡ್ ಡಿಸ್ಕ್ ಇತ್ತು. ಅದು ಹಗಲು ರಾತ್ರಿ ಕಂಪ್ಯೂಟರಿಗೆ ಸಿಕ್ಕಿಸಿಕೊಂಡೇ ಇತ್ತು. ಅದರಲ್ಲೂ ಅದೇ ಬಾಲ, ಅದೇ ಪತ್ರ.

ಐಡಿಯ ಕೊನೆ ನೋಡಿದ್ವಿ. ಆಫ್‌ಲೈನ್ ಕೀ ಅಲ್ಲ. 490 ಡಾಲರ್ ಅಂದರೆ ಸುಮಾರು 40 ಸಾವಿರ ರೂಪಾಯಿ. ಕೊಡಲೇಬೇಡ ಅಂತ ನಾನು ಆಣೆ ಹಾಕಿಸಲಿಲ್ಲ. ಕೊಟ್ಟರೆ ಕೀ ಬರಬಹುದು, ಬರದೆಯೂ ಇರಬಹುದು, ಬಂದರೂ ಆ ದುಡ್ಡು ಮುಂದಿನ ಪತ್ರಕ್ಕೆ ಬಂಡವಾಳ ಆಗುತ್ತೆ ಅಂದೆ. ಅವನು ಕೊಡಲಿಲ್ಲ. ಮುಚ್ಚಿದ ಫೈಲುಗಳನ್ನೆಲ್ಲ ಇನ್ನೊಂದು ಡಿಸ್ಕಿಗೆ ಪ್ರತಿ ಮಾಡಿ ಎತ್ತಿಟ್ಟು, ರಿಪೇರಿ ಪ್ರಯೋಗ ಪ್ರತಿಯ ಮೇಲೆ ಮಾತ್ರ ಮಾಡಿದ್ವಿ. ವಿಡಿಯೊಗಳು ಅದೇ ಕ್ಯಾಮೆರಾದ ಒಂದು ಒಳ್ಳೆಯ ವಿಡಿಯೊವನ್ನು ಮಾದರಿಯಾಗಿ ಕೊಟ್ಟಾಗ ಬಹಳಷ್ಟು ಎದ್ದವು. ಕ್ಯಾಮೆರಾದ ದೊಡ್ಡ ಫೋಟೊಗಳಲ್ಲಿ ಎಷ್ಟೋ ಮೇಲ್ಗಡೆಯ ಒಂದು ಪಟ್ಟಿ ಕಳೆದುಕೊಂಡು ವಾಪಸ್ ಬಂದವು. ಉಳಿದದ್ದಕ್ಕೆ ಅವನು ತನ್ನ ಗಿರಾಕಿಗಳ ಮನೆಮನೆಗೆ ಹೋದ. ಮದುವೆಯಾದ ಮೇಲೆ ಅವರಿಗೆ ಕೊಟ್ಟಿದ್ದ ಪೆನ್‌ಡ್ರೈವುಗಳು ಗಾಡ್ರೆಜ್ ಬೀರುವಿನಲ್ಲಿ, ಸೀರೆಗಳ ಕೆಳಗೆ, ದೇವರ ಗೂಡಿನಲ್ಲಿ ಭದ್ರವಾಗಿದ್ದವು. ಕಾಫಿ ಕುಡಿದು, ಪ್ರತಿ ಮಾಡಿಕೊಂಡು ಬಂದ. ತಿಂಗಳುಗಟ್ಟಲೆ ಈ ಕೆಲಸ ಮಾಡಿದ.

ಬರದೇ ಹೋದದ್ದು ಅವನ ಮಗಳ ನಾಮಕರಣ. ಆ ದಿನ ಅವನೇ ಅಪ್ಪ, ಕ್ಯಾಮೆರಾ ಹಿಡಿಯೋಕೆ ಪುರುಸೊತ್ತಿರಲಿಲ್ಲ. ನೆಂಟರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದ ಫೋಟೊಗಳನ್ನು ಕಂಪ್ಯೂಟರಿಗೆ ಹಾಕಿ, ಜಾಗ ಸಾಲದು ಅಂತ ಫೋನಿನಿಂದ ಅಳಿಸಿದ್ದ. ಕಳಿಸಿದವರ ಫೋನುಗಳು ಆಮೇಲೆ ಬದಲಾಗಿದ್ದವು. ಆ ಫೋಟೊಗಳು ಒಂದೊಂದೂ ನೂರು, ನೂರಿಪ್ಪತ್ತು ಕೆಬಿ. ಮೊದಲ 150 ಕೆಬಿಯೊಳಗೇ ಪೂರ್ತಿ ಮುಗಿದುಹೋಗುವಷ್ಟು ಚಿಕ್ಕವು. ಊರಿನವರ ಮದುವೆಗಳು ವಾಪಸ್ ಬಂದವು, ಯಾಕೆಂದರೆ ಅವನ್ನು ಅವನು ಬೇರೆಯವರಿಗೆ ಕೊಟ್ಟಿದ್ದ. ತನಗೇ ಅಂತ ಇಟ್ಟುಕೊಂಡದ್ದು ಬರಲಿಲ್ಲ. ಆ ಫೋಲ್ಡರ್ ಇನ್ನೂ ಎತ್ತಿಟ್ಟ ಡಿಸ್ಕಿನಲ್ಲಿದೆ, ಬಾಲದ ಸಮೇತ. ಎಂದಾದರೂ ಕೀ ಹೊರಬಂದೀತು ಅಂತ.

ಪೀಟರ್ ಕ್ರೋಗ್ ಎಂಬ ಛಾಯಾಗ್ರಾಹಕ ಪ್ರಚಾರಕ್ಕೆ ತಂದ 3-2-1 ಸೂತ್ರ ಇದನ್ನೇ ಹೇಳುತ್ತೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮದಲ್ಲಿ, ಒಂದು ಬೇರೆ ಜಾಗದಲ್ಲಿ. ನಮ್ಮ ಊರಿನ ಅನುವಾದ: ಒಂದು ಪ್ರತಿ ಅತ್ತೆಮನೆಯಲ್ಲಿರಲಿ.

ಒಂದು ಬದಲಿ ರೀಡ್‌ಮಿ

ವಿಮರ್ಶಕ ಬರೀ ದೋಷ ಹೇಳಿ ಎದ್ದು ಹೋಗಬಾರದು ಅಂತಾರೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವ ಬದಲು ಈಗಲೇ ನಿಮ್ಮ ಮನೆಯ ಕಂಪ್ಯೂಟರಿನ ಪಕ್ಕ ಅಂಟಿಸೋಕೆ ಅದೇ ಅಳತೆಯ ಒಂದು ಪತ್ರ ಬರೆದಿದ್ದೀನಿ. ಅಪ್ಪನಿಗೆ, ಅಕ್ಕನಿಗೆ, ಊರಿನ ಗೆಳೆಯನಿಗೆ ಕಳಿಸಬಹುದು. ಬೇಕಾದ ಹಾಗೆ ತಿದ್ದಿಕೊಳ್ಳಿ.

ಗಮನಿಸಿ. ನಿಮ್ಮ ಫೈಲುಗಳು ಇನ್ನೂ ನಿಮ್ಮವೇ ಆಗಿವೆ.

ಇವತ್ತು ಮಾಡಬೇಕಾದದ್ದು: ಮುಖ್ಯವಾದದ್ದನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ಪ್ರತಿ ಮಾಡಿ, ಡಿಸ್ಕ್ ಬಿಚ್ಚಿ ಕಪಾಟಿನಲ್ಲಿಡಿ. ಸಿಕ್ಕಿಸಿಯೇ ಇಟ್ಟ ಡಿಸ್ಕ್ ಬ್ಯಾಕಪ್ ಅಲ್ಲ. ಇನ್ನೊಂದು ಪ್ರತಿ ಹಳೆಯ ಆವೃತ್ತಿಗಳನ್ನು ಇಟ್ಟುಕೊಳ್ಳುವ ಕ್ಲೌಡಿನಲ್ಲಿರಲಿ. ಬರೀ ಸಿಂಕ್ ಆದರೆ ಮುಚ್ಚಿದ ಫೈಲೇ ಅಲ್ಲಿಗೂ ಹೋಗಿ ಕೂರುತ್ತೆ. ಆರು ತಿಂಗಳಿಗೊಮ್ಮೆ ಆ ಪ್ರತಿಯಿಂದ ಒಂದು ಫೋಟೊ ತೆರೆದು ನೋಡಿ.

ಯಾವಾಗಲೂ: ವಿಂಡೋಸ್ ಅಪ್‌ಡೇಟ್ ಮುಂದೂಡಬೇಡಿ. ಫೈಲ್ ಹೆಸರಿನ ಪೂರ್ತಿ ಬಾಲ ಕಾಣುವ ಹಾಗೆ ಸೆಟ್ಟಿಂಗ್ ಇಡಿ, ‘ಬಿಲ್ ಪಿಡಿಎಫ್’ ಅಂದುಕೊಂಡದ್ದರ ಕೊನೆಯಲ್ಲಿ ‘ಇಎಕ್ಸ್‌ಇ’ ಇದ್ದರೆ ಮುಟ್ಟಬೇಡಿ. ವಿಂಡೋಸ್ ಸೆಕ್ಯುರಿಟಿಯಲ್ಲಿ ‘ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್’ ಆನ್ ಮಾಡಿ. ಆ್ಯಂಟಿವೈರಸ್ ಆಫ್ ಮಾಡು ಅನ್ನುವ ಯಾವ ಸಾಫ್ಟ್‌ವೇರೂ ನಿಮ್ಮ ನೆಂಟನಲ್ಲ.

ಬಾಲ ಕಂಡರೆ: ವೈಫೈ ಆಫ್ ಮಾಡಿ, ಕೇಬಲ್ ಕೀಳಿ, ಪೆನ್‌ಡ್ರೈವ್ ಕೀಳಿ. ಕಣ್ಣೆದುರೇ ಹೆಸರುಗಳು ಬದಲಾಗುತ್ತಿದ್ದರೆ ಪವರ್ ಬಟನ್ ಒತ್ತಿ ಹಿಡಿದು ಆರಿಸಿ. ಪತ್ರದ ಫೋಟೊ ತೆಗೆದುಕೊಳ್ಳಿ. ಏನನ್ನೂ ಅಳಿಸಬೇಡಿ. ಬೇರೆ ಫೋನಿನಿಂದ ಪಾಸ್‌ವರ್ಡುಗಳನ್ನು ಬದಲಿಸಿ.

ಆಮೇಲೆ: ತಳಿ ಗುರುತಿಸಿ. ಮುಚ್ಚಿದ ಫೈಲುಗಳನ್ನು ಬೇರೆ ಡಿಸ್ಕಿಗೆ ಎತ್ತಿಡಿ. ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿ, ಆಮೇಲಷ್ಟೇ ಬ್ಯಾಕಪ್ ಡಿಸ್ಕ್ ಸಿಕ್ಕಿಸಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಅಥವಾ ನಿಮ್ಮ ಜಿಲ್ಲೆಯ ಸೆನ್ ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. ಬ್ಯಾಂಕಿನಿಂದ ದುಡ್ಡೂ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಬೆಲೆ: ಒಂದು ಹಾರ್ಡ್ ಡಿಸ್ಕ್ ಮತ್ತು ಒಂದು ಭಾನುವಾರದ ಮಧ್ಯಾಹ್ನ. ಡಿಸ್ಕೌಂಟ್ ಇಲ್ಲ. ಗಡುವೂ ಇಲ್ಲ, ಆದರೆ ಈ ಭಾನುವಾರವೇ ಆದರೆ ಒಳ್ಳೆಯದು.